ಆರು ವರ್ಷದ ಹುಡುಗನಿಗೆ ಮೊಡವೆ

ಹೆಣ್ಣುಮಕ್ಕಳು ದೊಡ್ಡವರಾದರೆ ಅದನ್ನು ಹೇಳೋಕೆ ಕನ್ನಡದಲ್ಲಿ ಪದಗಳಿಗೆ ಬರ ಇಲ್ಲ. ಮೈನೆರೆದಳು, ಋತುಮತಿಯಾದಳು, ನಮ್ಮ ಕಡೆ ಆಡುಮಾತಲ್ಲಿ ‘ದೊಡ್ಡೋಳಾದ್ಲು’. ಪದ ಇದ್ದಮೇಲೆ ಶಾಸ್ತ್ರವೂ ಇರುತ್ತೆ. ಸೋದರಮಾವ ಬರಬೇಕು, ಆರತಿ ಆಗಬೇಕು, ಚಿಗಳಿ ಉಂಡೆ, ಕೊಬ್ಬರಿ ಬೆಲ್ಲ ತಿನ್ನಿಸಬೇಕು. ಹುಡುಗಿಗೆ ಇಷ್ಟ ಇದೆಯೋ ಇಲ್ಲವೋ, ಅವಳ ಮೈಯ ಸಮಾಚಾರ ಬೀದಿಗೆಲ್ಲ ಗೊತ್ತಾಗುತ್ತೆ. ಆ ಪದ್ಧತಿ ಸರಿ ಅಂತ ಹೇಳ್ತಿಲ್ಲ, ಆ ಚರ್ಚೆ ಬೇರೆ. ನಾನು ಕೇಳ್ತಿರೋದು ಇಷ್ಟೇ: ಅದೇ ಘಟ್ಟ ಗಂಡುಹುಡುಗನಿಗೆ ಬಂದಾಗ ಏನಂತೀವಿ? ‘ದನಿ ಒಡೀತು’, ‘ಮೀಸೆ ಚಿಗುರ್ತಿದೆ’. ಎರಡು ಮಾತು, ಮುಗೀತು. ಕತ್ತಿನಿಂದ ಕೆಳಗೆ ಏನಾಯ್ತು ಅನ್ನೋದಕ್ಕೆ ಬೈಗುಳ ಬಿಟ್ಟರೆ ಮನೆಯಲ್ಲಿ ಆಡುವಂಥ ಮಾತೇ ಇಲ್ಲ.

ಪದ ಇಲ್ಲದಿದ್ದರೆ ಏನಾಗುತ್ತೆ? ಏಳು ವರ್ಷದ ಹುಡುಗಿ ಮೈನೆರೆದರೆ ಮನೆಯವರು ಗಾಬರಿಬಿದ್ದು ಡಾಕ್ಟರ ಹತ್ತಿರ ಓಡ್ತಾರೆ. ಆರು ವರ್ಷದ ಹುಡುಗನಿಗೆ ಅದೇ ಆದರೆ ಹೆಮ್ಮೆಪಡ್ತಾರೆ. ನಮ್ಮ ಮನೆಯಲ್ಲಿ ಹಾಗೇ ಆಯ್ತು.

ಅವನು ನನ್ನ ಚಿಕ್ಕಮ್ಮನ ಮಗ. ತಿಪಟೂರಿನ ಹತ್ತಿರ ಒಂದು ಹಳ್ಳಿ, ತೆಂಗಿನ ತೋಟ, ಎರಡು ಹಸು. ಇದನ್ನ ಬರೀಲಾ ಅಂತ ಚಿಕ್ಕಮ್ಮನನ್ನು ಕೇಳಿದ್ದಕ್ಕೆ, ‘ಬರಿ, ನಾಲ್ಕು ಜನಕ್ಕೆ ಗೊತ್ತಾಗ್ಲಿ, ಹೆಸರು ಮಾತ್ರ ಬೇಡ ಕಣೋ’ ಅಂದಳು. ಆದ್ದರಿಂದ ಇಲ್ಲಿ ಅವನು ಪುಟ್ಟ. ಪುಟ್ಟ ಅನ್ನೋ ಹೆಸರು ಆಗ ಅವನಿಗೆ ಹೊಂದ್ತಾ ಇರಲಿಲ್ಲ ಅನ್ನೋದು ಬೇರೆ ಮಾತು. ಒಂದನೇ ಕ್ಲಾಸಿನಲ್ಲಿ ಪ್ರಾರ್ಥನೆಗೆ ನಿಂತರೆ ಸಾಲಿನಲ್ಲಿ ಕೊನೆಯವನು. ತೋಳು ಗಟ್ಟಿ. ಎಳನೀರು ಗೊಂಚಲು ಎತ್ತಿ ಟ್ರಾಕ್ಟರ್‌ಗೆ ಹಾಕ್ತಿದ್ದ. ಚಿಕ್ಕಪ್ಪ ಬಂದವರ ಮುಂದೆಲ್ಲ ಅವನ ರಟ್ಟೆ ಹಿಡಿದು ತೋರಿಸೋರು. ಅಜ್ಜಿಯಂತೂ ‘ನಮ್ಮ ಯಜಮಾನ್ರದೇ ಮೈಕಟ್ಟು’ ಅಂತ ದೃಷ್ಟಿ ತೆಗೀತಿದ್ದರು. ಹಣೆ ಮೇಲೆ ಸಣ್ಣ ಸಣ್ಣ ಗುಳ್ಳೆ ಬಂದಿತ್ತು. ಊರಿನ ಕ್ಲಿನಿಕ್ಕಿನಲ್ಲಿ ತೋರಿಸಿದ್ದಕ್ಕೆ ಉಷ್ಣ ಅಂತ ಒಂದು ಮುಲಾಮು ಕೊಟ್ಟು, ಎಣ್ಣೆ ಪದಾರ್ಥ ಕಡಿಮೆ ಮಾಡಿ ಅಂದರಂತೆ. ಅದು ಉಷ್ಣದ ಗುಳ್ಳೆ ಅಲ್ಲ, ಮೊಡವೆ. ಆರು ವರ್ಷದವನಿಗೆ ಮೊಡವೆ ಬರಲ್ಲ. ಬಂದರೆ ಅದು ಒಂದು ಸುದ್ದಿ.

ಅಳತೆ ಇಟ್ಟು ಮಾತಾಡಿದವರು ಒಬ್ಬರೇ, ಊರಿನ ಟೈಲರ್. ದೀಪಾವಳಿ ಬಟ್ಟೆಗೆ ಟೇಪ್ ಹಿಡಿದವರು ನಿಂತು, ಹಳೇ ಪುಸ್ತಕ ತೆಗೆದು ನೋಡಿದರಂತೆ. ‘ತಾಯೀ, ಮೇ ತಿಂಗಳಲ್ಲಿ ಯೂನಿಫಾರಂ ಹೊಲಿದಾಗ ಪ್ಯಾಂಟು ಇಪ್ಪತ್ತೊಂಬತ್ತೂವರೆ. ಈಗ ಮೂವತ್ತೊಂದು. ಐದು ತಿಂಗಳಿಗೆ ಒಂದೂವರೆ ಇಂಚು ಬರೀ ಕಾಲೇ ಬೆಳೆದ್ರೆ ಹೆಂಗೆ? ಯಾರಿಗಾದ್ರೂ ತೋರ್ಸಿ.’ ಆ ವಯಸ್ಸಿನ ಮಕ್ಕಳು ವರ್ಷಕ್ಕೆ ಬೆಳೆಯೋದು ಒಟ್ಟು ಐದಾರು ಸೆಂಟಿಮೀಟರ್, ಅಂದರೆ ಎರಡು ಇಂಚು ಚಿಲ್ಲರೆ, ಅದೂ ತಲೆಯಿಂದ ಕಾಲಿನವರೆಗೆ. ಅವರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಮೂವತ್ತು ವರ್ಷದ ಪುಸ್ತಕ ಇತ್ತು, ಊರಿನ ಎಲ್ಲ ಮಕ್ಕಳ ಡೇಟಾ ಇತ್ತು.

ನಾನು ಓದ್ತಿರೋದು ಬೆಂಗಳೂರಲ್ಲಿ ಆದ್ದರಿಂದ ಆಸ್ಪತ್ರೆಗೆ ಕರ್ಕೊಂಡು ಹೋಗೋ ಕೆಲಸ ನನಗೆ ಬಂತು. ಬೆಳಿಗ್ಗೆ ಟೋಕನ್ ತಗೊಂಡು ಕೂತಿದ್ದೆವು. ಪುಟ್ಟ ನನ್ನ ಮೊಬೈಲ್‌ನಲ್ಲಿ ಗೇಮ್ ಆಡ್ತಿದ್ದ. ಅವನ ಕಡೆ ನೋಡದೆ ಚಿಕ್ಕಮ್ಮ ಮೆಲ್ಲಗೆ ಹೇಳಿದಳು: ಸ್ನಾನ ಮಾಡಿಸುವಾಗ ಅವಳಿಗೆ ಕೂದಲು ಕಂಡು ಎಂಟು ತಿಂಗಳಾಗಿತ್ತಂತೆ. ಅಂಗಿ ಒಗೆಯುವಾಗ ದೊಡ್ಡವರ ಬೆವರಿನ ವಾಸನೆ ಬರ್ತಿತ್ತಂತೆ. ಏನೋ ಸರಿಯಿಲ್ಲ ಅಂತ ಗೊತ್ತಾಗಿ, ಆಮೇಲೆ ನೋಡೋಕೇ ಭಯವಾಗಿ, ‘ನೀನೇ ಸ್ನಾನ ಮಾಡ್ಕೋ, ದೊಡ್ಡೋನಾಗಿದೀಯ’ ಅಂತ ಬಚ್ಚಲಿಗೆ ಕಳಿಸೋಕೆ ಶುರು ಮಾಡಿದಳಂತೆ. ಚಿಕ್ಕಪ್ಪನಿಗೂ ಹೇಳಿರಲಿಲ್ಲ. ‘ಯಾರ ಹತ್ರ ಹೇಳ್ಲೋ? ಏನಂತ ಹೇಳ್ಲಿ?’

ಈ ಎರಡನೇ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಏನಂತ ಹೇಳಬಹುದಿತ್ತು? ‘ವೃಷಣ’ ಹತ್ತನೇ ಕ್ಲಾಸಿನ ಪುಸ್ತಕದ ಪದ, ಹಳ್ಳಿ ಮನೆಯ ಪಡಸಾಲೆಯಲ್ಲಿ ಅದನ್ನು ಯಾರೂ ಆಡಲ್ಲ. ಆಡೋ ಪದ ಆಡಿದರೆ ಮೈಲಿಗೆ. ಹೀಗಾಗಿ ಅವಳಿಗೆ ಉಳಿದದ್ದು ‘ಅಲ್ಲಿ’, ‘ಕೆಳಗಡೆ’ ಅನ್ನೋ ಎರಡು ಪದ, ಮತ್ತೆ ಎಂಟು ತಿಂಗಳ ಮೌನ.

ಒಳಗೆ ಡಾಕ್ಟರು, ಮಕ್ಕಳ ಹಾರ್ಮೋನ್ ತಜ್ಞರು, ಮೊದಲು ಕೇಳಿದ್ದು ‘ಹಿಂದಿನ ಎರಡು ವರ್ಷದ ಎತ್ತರದ ದಾಖಲೆ ಇದೆಯಾ?’ ಅಂತ. ಶಾಲೆಯ ಹೆಲ್ತ್ ಕಾರ್ಡಿನಲ್ಲಿ ಎರಡೂ ವರ್ಷ ಒಂದೇ ಎತ್ತರ ಬರೆದಿತ್ತು. ಟೈಲರ್ ಪುಸ್ತಕದ ಪುಟದ ಫೋಟೊ ಚಿಕ್ಕಮ್ಮನ ಮೊಬೈಲಲ್ಲಿತ್ತು. ಎಲ್‌ಕೆಜಿಯಿಂದ ಹಿಡಿದು ಪ್ಯಾಂಟಿನ ಉದ್ದ, ಸೊಂಟ, ಭುಜ. ಡಾಕ್ಟರು ನಗಲಿಲ್ಲ. ಕಾಗದ ತಗೊಂಡು ಚುಕ್ಕೆ ಹಾಕಿ ಗೆರೆ ಎಳೆದರು. ನಾಲ್ಕೂವರೆ ವರ್ಷದ ಆಸುಪಾಸಿನಲ್ಲಿ ಗೆರೆಯ ಸ್ಲೋಪ್ ಬದಲಾಗಿತ್ತು.

ಇಲ್ಲಿಂದ ಮುಂದೆ ನಡೆದದ್ದನ್ನು ನಾನು ನಮ್ಮ ಭಾಷೆಯಲ್ಲೇ ಹೇಳಿದರೆ ನಿಮಗೆ ಬೇಗ ಅರ್ಥ ಆಗುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಪೇಪರ್‌ಗೆ ಬ್ಲಾಕ್ ಡಯಾಗ್ರಮ್ ಉರು ಹೊಡೆದವರೆಲ್ಲ ನೆನಪು ಮಾಡ್ಕೊಳ್ಳಿ. ಮೆದುಳಿನ ತಳದಲ್ಲಿ ಹೈಪೊಥಲಾಮಸ್ ಇದೆ. ಅದು ಗಂಟೆ, ಎರಡು ಗಂಟೆಗೊಮ್ಮೆ ಒಂದು ಪಲ್ಸ್ ಕಳಿಸುತ್ತೆ. ಆ ಪಲ್ಸ್ ಪಕ್ಕದ ಪಿಟ್ಯುಟರಿ ಗ್ರಂಥಿಗೆ ಹೋಗಿ, ಅಲ್ಲಿಂದ ಎಲ್‌ಎಚ್ ಅನ್ನೋ ಹಾರ್ಮೋನ್ ರಕ್ತಕ್ಕೆ ಬಿಡುಗಡೆಯಾಗುತ್ತೆ. ಎಲ್‌ಎಚ್ ವೃಷಣಕ್ಕೆ ಬಂದು ಅಲ್ಲಿನ ಲೇಡಿಗ್ ಕೋಶಗಳ ಬಾಗಿಲು ತಟ್ಟುತ್ತೆ. ಅವು ಟೆಸ್ಟೋಸ್ಟೆರಾನ್ ತಯಾರಿಸ್ತವೆ. ಟೆಸ್ಟೋಸ್ಟೆರಾನ್ ಜಾಸ್ತಿಯಾದರೆ ಮೇಲಕ್ಕೆ ಸುದ್ದಿ ಹೋಗಿ ಪಲ್ಸ್ ಕಡಿಮೆಯಾಗುತ್ತೆ. ನೆಗೆಟಿವ್ ಫೀಡ್‌ಬ್ಯಾಕ್, ಅಷ್ಟೇ. ಮಕ್ಕಳಲ್ಲಿ ಈ ಇಡೀ ಲೂಪ್ ಮಲಗಿರುತ್ತೆ. ಹುಡುಗರಲ್ಲಿ ಹತ್ತು, ಹನ್ನೆರಡು ವರ್ಷದ ಹೊತ್ತಿಗೆ ಏಳುತ್ತೆ. ಒಂಬತ್ತಕ್ಕೆ ಮುಂಚೆ ಹರೆಯದ ಲಕ್ಷಣ ಕಂಡರೆ ಅಕಾಲ ಅಂತ ಲೆಕ್ಕ. ಹುಡುಗಿಯರಿಗೆ ಈ ಗೆರೆ ಎಂಟು ವರ್ಷ.

ಪುಟ್ಟನ ರಕ್ತದ ರಿಪೋರ್ಟ್ ಬಂದಾಗ ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 400 ನ್ಯಾನೋಗ್ರಾಂ ದಾಟಿತ್ತು. ಅವನ ವಯಸ್ಸಿನಲ್ಲಿ ಅದು 20 ಕೂಡ ಇರಬಾರದು. 400 ಅಂದರೆ ನನ್ನ ನಿಮ್ಮಂಥ ಗಂಡಸರ ಮಟ್ಟ. ಆದರೆ ಎಲ್‌ಎಚ್? ಮೆಷಿನ್ ಅಳೆಯೋ ಮಿತಿಗಿಂತಲೂ ಕೆಳಗೆ. ಹೆಚ್ಚುಕಡಿಮೆ ಸೊನ್ನೆ.

ಇನ್‌ಪುಟ್ ಸೊನ್ನೆ, ಔಟ್‌ಪುಟ್ ಫುಲ್. ಹಾಸ್ಟೆಲ್ ಉದಾಹರಣೆ ಕೊಡ್ತೀನಿ. ಗೀಸರ್‌ನ ಥರ್ಮೋಸ್ಟಾಟ್ ಕಟ್ ಆಗಿದೆ, ಕೆಂಪು ದೀಪ ಆರಿದೆ, ಆದರೂ ಬಕೆಟ್ಟಿನಲ್ಲಿ ನೀರು ಕುದೀತಿದೆ ಅಂದರೆ ಏನರ್ಥ? ಯಾರೋ ಬೇರೆ ಪ್ಲಗ್ಗಿನಿಂದ ಕಾಯಿಲ್ ಇಳಿಬಿಟ್ಟಿದ್ದಾರೆ ಅಂತ. ಥರ್ಮೋಸ್ಟಾಟ್‌ಗೂ ಆ ಕಾಯಿಲ್‌ಗೂ ಸಂಬಂಧವೇ ಇಲ್ಲ. ಈಗ ಆ ಕಾಯಿಲ್ ಎಲ್ಲಿದೆ ಅಂತ ಹುಡುಕಬೇಕು.

ಹುಡುಕುವ ಕ್ರಮ ನನಗೆ ಬಹಳ ಇಷ್ಟವಾಯ್ತು. ಡಾಕ್ಟರು ಡ್ರಾಯರ್‌ನಿಂದ ಒಂದು ಮಣಿಸರ ತೆಗೆದರು. ಜಪಮಾಲೆ ಥರ, ಆದರೆ ಮಣಿಗಳು ಮೊಟ್ಟೆಯಾಕಾರ, ಒಂದಕ್ಕಿಂತ ಒಂದು ದೊಡ್ಡದು, ಹನ್ನೆರಡು ಮಣಿ, 1 ಮಿಲಿಲೀಟರ್‌ನಿಂದ 25ರವರೆಗೆ. ಸ್ವಿಟ್ಜರ್‌ಲೆಂಡಿನ ಆಂಡ್ರಿಯಾ ಪ್ರಾಡರ್ ಅನ್ನೋ ಮಕ್ಕಳ ವೈದ್ಯರು 1966ರಲ್ಲಿ ಬಳಕೆಗೆ ತಂದದ್ದು. ಒಂದು ಕೈಯಲ್ಲಿ ಮಣಿ, ಇನ್ನೊಂದು ಕೈಯಲ್ಲಿ ಮಗುವಿನ ವೃಷಣ, ಬೆರಳಿಂದಲೇ ಹೋಲಿಸಿ ಗಾತ್ರ ಹೇಳೋದು. 4 ಮಿಲಿಲೀಟರ್ ಮುಟ್ಟಿದರೆ ಹರೆಯ ಶುರು. ಎರಡೂ ಕಡೆ ದೊಡ್ಡದಾಗಿದ್ದರೆ ಸಿಗ್ನಲ್ ಮೇಲಿನಿಂದ, ಮೆದುಳಿನಿಂದ ಬರ್ತಿದೆ ಅಂತ ಅನುಮಾನ. ಮೈಯೆಲ್ಲ ಬೆಳೆದು ಎರಡೂ ವೃಷಣ ಮಾತ್ರ ಮಗುವಿನ ಗಾತ್ರದಲ್ಲೇ ಇದ್ದರೆ ಕಿಡ್ನಿಯ ಮೇಲಿರೋ ಅಡ್ರಿನಲ್ ಗ್ರಂಥಿ ನೋಡಬೇಕು. ಒಂದು ಕಡೆ ಸಣ್ಣದು, ಇನ್ನೊಂದು ಕಡೆ ದೊಡ್ಡದು ಅಂದರೆ ಕಾಯಿಲ್ ಅಲ್ಲೇ ಇದೆ. ಪುಟ್ಟನಿಗೆ ಎಡಗಡೆ 3, ಬಲಗಡೆ 6. ಒಂದು ಮಣಿಸರದಲ್ಲಿ ಫಾಲ್ಟ್ ಐಸೊಲೇಶನ್ ಮುಗೀತು! ಗಂಟು ತೀರಾ ಚಿಕ್ಕದಿದ್ದರೆ ಕೈಗೆ ಸಿಗಲ್ಲ, ಆದ್ದರಿಂದ ಸ್ಕ್ಯಾನ್ ಮಾಡಲೇಬೇಕು ಅಂದರು. ಅಲ್ಟ್ರಾಸೌಂಡಿನಲ್ಲಿ ಒಂದು ಸೆಂಟಿಮೀಟರ್‌ನ, ಹುರುಳಿಗಿಂತ ದೊಡ್ಡ, ಕಡಲೆಕಾಳಿನಷ್ಟು ಕಪ್ಪು ಉಂಡೆ ಕಂಡಿತು. ಅಡ್ರಿನಲ್‌ನ ಪರೀಕ್ಷೆಗಳೂ, ಬೇರೆ ಜಾತಿಯ ಗಡ್ಡೆಗಳ ಗುರುತಿನ ಪರೀಕ್ಷೆಗಳೂ ಸರಿಯಾಗಿದ್ದವು.

ಲೇಡಿಗ್ ಕೋಶದ ಗಡ್ಡೆ. ಮಕ್ಕಳಲ್ಲಿ ವೃಷಣದ ಗಡ್ಡೆ ಅನ್ನೋದೇ ಅಪರೂಪ, ಲಕ್ಷ ಹುಡುಗರಲ್ಲಿ ವರ್ಷಕ್ಕೆ ಒಬ್ಬಿಬ್ಬರ ಲೆಕ್ಕ. ಅದರಲ್ಲಿ ಈ ಜಾತಿಯದು ಇನ್ನೂ ಸಣ್ಣ ಪಾಲು, ಹೆಚ್ಚಾಗಿ ಐದರಿಂದ ಹತ್ತು ವರ್ಷದೊಳಗಿನ ಹುಡುಗರಲ್ಲಿ. ಇದರ ದಾಯಾದಿ ಇನ್ನೊಂದಿದೆ, ಸರ್ಟೋಲಿ ಕೋಶದ ಗಡ್ಡೆ. ಅದರಲ್ಲಿ ಕೆಲವು ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಜಾಸ್ತಿ ಮಾಡಿ ಚಿಕ್ಕ ಹುಡುಗರಿಗೆ ಎದೆ ಬೆಳೆಸ್ತವೆ. ತುಟಿಯ ಮೇಲೆ ಕಪ್ಪು ಚುಕ್ಕೆಗಳಿರೋ ಒಂದು ವಂಶಪಾರಂಪರ್ಯ ಕಾಯಿಲೆಯ ಜೊತೆ ಅದು ಬರೋದುಂಟು.

ಲೇಡಿಗ್ ಒಬ್ಬ ಮನುಷ್ಯನ ಹೆಸರು. ಫ್ರಾನ್ಸ್ ಲೇಡಿಗ್, ಜರ್ಮನಿಯ ಪ್ರಾಣಿಶಾಸ್ತ್ರಜ್ಞ, 1850ರಲ್ಲಿ ಈ ಕೋಶಗಳನ್ನು ವಿವರಿಸಿದ. ಅವು ಏನು ಮಾಡ್ತವೆ ಅಂತ ಅವನಿಗೂ ಗೊತ್ತಿರಲಿಲ್ಲ. ತಮಾಷೆ ಅಂದರೆ ಅದಕ್ಕೆ ಸರಿಯಾಗಿ ಒಂದು ವರ್ಷ ಮುಂಚೆ, 1849ರಲ್ಲಿ, ಗಾಟಿಂಗನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಹುಂಜದ ಮರಿಗಳ ವೃಷಣ ತೆಗೆದು ನೋಡಿದ್ದ. ಅವು ಕೂಗೋದು, ಕಾದಾಡೋದು ಬಿಟ್ಟವು, ಜುಟ್ಟು ಕೆಂಪಾಗಲಿಲ್ಲ. ವೃಷಣವನ್ನು ತಗೊಂಡು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟರೆ, ನರದ ಸಂಪರ್ಕ ಇಲ್ಲದಿದ್ದರೂ, ಜುಟ್ಟು ಮತ್ತೆ ಬೆಳೆಯಿತು, ಹುಂಜ ಕೂಗಿತು. ಅಂದರೆ ಸುದ್ದಿ ಹೋಗ್ತಿರೋದು ನರದಲ್ಲಲ್ಲ, ರಕ್ತದಲ್ಲಿ. ವೈರ್ ಅಲ್ಲ, ವೈರ್‌ಲೆಸ್ ಅಂದುಕೊಳ್ಳಿ. ಆ ವಸ್ತುವನ್ನು ಹಿಡಿದು ಬಾಟಲಿಗೆ ಹಾಕೋಕೆ 1935 ಆಗಬೇಕಾಯ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಎರ್ನ್‌ಸ್ಟ್ ಲಾಕರ್ ಅವರ ತಂಡ ಸುಮಾರು 100 ಕೆಜಿ ಹೋರಿ ವೃಷಣದಿಂದ 10 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ತೆಗೆಯಿತು. ನಮ್ಮ ಮೈ ಅಷ್ಟನ್ನು ಒಂದೆರಡು ದಿನದಲ್ಲಿ ಸದ್ದಿಲ್ಲದೆ ತಯಾರಿಸುತ್ತೆ.

ಕಾಯಿಲ್ ಹೇಗೆ ಆನ್ ಆಯ್ತು ಅನ್ನೋದೂ ಸ್ವಲ್ಪ ಮಟ್ಟಿಗೆ ಗೊತ್ತಿದೆ. ಲೇಡಿಗ್ ಕೋಶದ ಮೇಲೆ ಎಲ್‌ಎಚ್ ಬಂದು ಕೂರೋ ರಿಸೆಪ್ಟರ್ ಇದೆಯಲ್ಲ, ಅದು 699 ಅಮೈನೋ ಆಮ್ಲಗಳ ಒಂದು ಸರಪಳಿ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥ ಗಡ್ಡೆ ಇದ್ದ ಹುಡುಗರ ಗಡ್ಡೆಯ ಕೋಶಗಳಲ್ಲಿ 578ನೇ ಕೊಂಡಿ ಬದಲಾಗಿರೋದು ಕಂಡಿತು. ಡಿಎನ್‌ಎಯಲ್ಲಿ ಒಂದು ಜಿ ಇದ್ದ ಕಡೆ ಸಿ. ಒಂದಕ್ಷರ. ಅಷ್ಟಕ್ಕೇ ರಿಸೆಪ್ಟರ್ ಯಾವಾಗಲೂ ‘ಎಲ್‌ಎಚ್ ಬಂದಿದೆ’ ಅಂತಲೇ ಕೂಗ್ತಿರುತ್ತೆ. ಡಿಜಿಟಲ್ ಪೇಪರಿನಲ್ಲಿ ನಾವು ಓದೋ ‘ಸ್ಟಕ್ ಅಟ್ ಒನ್’ ಫಾಲ್ಟ್ ಇದೇ ತಾನೇ. ಇದು ಆ ಗಂಟಿನೊಳಗೆ ಮಾತ್ರ ಆದ ಬದಲಾವಣೆ, ಅಪ್ಪ ಅಮ್ಮನಿಂದ ಬಂದದ್ದಲ್ಲ. ಚಿಕ್ಕಮ್ಮನಿಗೆ ಈ ಒಂದು ವಾಕ್ಯವನ್ನು ನಾನು ಮೂರು ಸಲ ಹೇಳಬೇಕಾಯ್ತು, ಯಾಕೆಂದರೆ ಬಸುರಿಯಾಗಿದ್ದಾಗ ಏನು ತಿಂದೆ, ಯಾವ ದೇವರಿಗೆ ತಪ್ಪಿದೆ ಅಂತ ಅವಳು ಲೆಕ್ಕ ಹಾಕ್ತಾ ಕೂತಿದ್ದಳು.

ಹಾಸ್ಟೆಲ್ ಹುಡುಗರಿಗೆ ಇಲ್ಲೇ ಒಂದು ಮಾತು. ಪುಟ್ಟನ ಎಡಗಡೆಯದು, ಗಡ್ಡೆ ಇಲ್ಲದ ಕಡೆಯದು, ಯಾಕೆ ಸಣ್ಣದಾಗೇ ಇತ್ತು? ಎಲ್‌ಎಚ್ ಸೊನ್ನೆ ಇತ್ತು, ಅದಕ್ಕೆ. ಜಿಮ್ಮಿನಲ್ಲಿ ಯಾರೋ ಅಣ್ಣ ಕೊಟ್ಟ ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚಿಕೊಳ್ಳೋರಿಗೂ ಆಗೋದು ಇದೇ. ಹೊರಗಿನ ಕಾಯಿಲ್ ಇಳಿಬಿಟ್ಟರೆ ಮೆದುಳು ಥರ್ಮೋಸ್ಟಾಟ್ ಆಫ್ ಮಾಡುತ್ತೆ. ಸ್ವಂತ ಫ್ಯಾಕ್ಟರಿ ಮುಚ್ಚುತ್ತೆ, ವೃಷಣ ಕುಗ್ಗುತ್ತೆ, ವೀರ್ಯಾಣು ಕಡಿಮೆಯಾಗುತ್ತೆ. ಬಿಟ್ಟಮೇಲೆ ಮತ್ತೆ ಶುರುವಾಗೋಕೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷವೇ ಹಿಡಿಯುತ್ತೆ. ರಟ್ಟೆ ತೋರಿಸಿ ಸ್ಟೇಟಸ್ ಹಾಕೋ ಗುರುಗಳು ಇದನ್ನೂ ಹಾಕಿದ್ದರೆ ಚೆನ್ನಾಗಿತ್ತು.

ಇನ್ನು ಎತ್ತರದ ವಿಷಯ. ಮನೆಯವರಿಗೆ ಎಲ್ಲಕ್ಕಿಂತ ಹೆಚ್ಚು ಆಶ್ಚರ್ಯ ಆಗಿದ್ದು ಇದೇ. ಪುಟ್ಟನ ಎಡಗೈಯ ಎಕ್ಸ್‌ರೇ ತೆಗೆದರು. ಡಾಕ್ಟರು ಒಂದು ದಪ್ಪ ಅಟ್ಲಾಸ್ ತೆಗೆದು ಪುಟ ತಿರುವಿ ಹೋಲಿಸಿದರು. ಗ್ರೂಲಿಕ್ ಮತ್ತು ಪೈಲ್ ಅನ್ನೋ ಇಬ್ಬರು 1950ರಲ್ಲಿ ಮಾಡಿದ್ದು. ಅದರಲ್ಲಿರೋದು ಅಮೆರಿಕದ ಕ್ಲೀವ್‌ಲೆಂಡ್ ಊರಿನ ಅನುಕೂಲಸ್ಥರ ಮಕ್ಕಳ ಕೈಗಳು. ತಿಪಟೂರು ಹುಡುಗನ ಮೂಳೆಯ ವಯಸ್ಸನ್ನು ಓಹಾಯೋ ಮಕ್ಕಳ ಜೊತೆ ಹೋಲಿಸೋದು ನನಗೆ ವಿಚಿತ್ರ ಅನ್ನಿಸ್ತು, ಈಗಲೂ ಅನ್ನಿಸುತ್ತೆ. ಏನೇ ಇರಲಿ, ಫಲಿತಾಂಶದಲ್ಲಿ ಅನುಮಾನಕ್ಕೆ ಜಾಗ ಇರಲಿಲ್ಲ. ಪುಟ್ಟನಿಗೆ ಆರೂವರೆ, ಅವನ ಮೂಳೆಗೆ ಹನ್ನೆರಡು.

ಉದ್ದ ಮೂಳೆಗಳ ತುದಿಯಲ್ಲಿ ಮೆದುಮೂಳೆಯ ಒಂದು ಪದರ ಇರುತ್ತೆ, ಬೆಳೆಯೋದು ಅಲ್ಲೇ. ಅದು ಗಟ್ಟಿ ಮೂಳೆಯಾಗಿ ಮುಚ್ಚಿಕೊಂಡರೆ ಬೆಳವಣಿಗೆ ಮುಗಿದಂತೆ. ಅದನ್ನು ಮುಚ್ಚಿಸೋದು ಟೆಸ್ಟೋಸ್ಟೆರಾನ್ ನೇರವಾಗಿ ಅಲ್ಲ, ಅದರಿಂದ ತಯಾರಾಗೋ ಈಸ್ಟ್ರೋಜನ್. ಹೌದು, ಹುಡುಗರಲ್ಲೂ. ಇದು ಖಾತ್ರಿಯಾಗಿದ್ದು ಒಬ್ಬ ವ್ಯಕ್ತಿಯಿಂದ. 1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬನ ಬಗ್ಗೆ ಬರೆದರು. ಅವನ ದೇಹಕ್ಕೆ ಈಸ್ಟ್ರೋಜನ್‌ನ ಮಾತೇ ಕೇಳಿಸ್ತಿರಲಿಲ್ಲ, ರಿಸೆಪ್ಟರ್ ಕೆಟ್ಟಿತ್ತು. ಎತ್ತರ 204 ಸೆಂಟಿಮೀಟರ್, ಆ ವಯಸ್ಸಲ್ಲೂ ಮೂಳೆಯ ತುದಿ ಮುಚ್ಚದೆ ಇನ್ನೂ ಬೆಳೀತಿದ್ದ. ಪುಟ್ಟನದು ಇದರ ಉಲ್ಟಾ. ಟೆಸ್ಟೋಸ್ಟೆರಾನ್ ಜಾಸ್ತಿ, ಆದ್ದರಿಂದ ಈಸ್ಟ್ರೋಜನ್ನೂ ಜಾಸ್ತಿ, ಆದ್ದರಿಂದ ಸರಸರ ಬೆಳೆದು ಬೇಗ ಬಾಗಿಲು ಹಾಕೋದು. ‘ಹೀಗೇ ಬಿಟ್ಟರೆ ಐದಡಿ ದಾಟೋದು ಕಷ್ಟ’ ಅಂದರು ಡಾಕ್ಟರು. ಕ್ಲಾಸಿನಲ್ಲೇ ಎತ್ತರದ ಹುಡುಗ, ಮುಂದೆ ಕ್ಲಾಸಿನಲ್ಲೇ ಗಿಡ್ಡ. ಚಿಕ್ಕಪ್ಪ ಐದಡಿ ಒಂಬತ್ತಿಂಚು. ಫೋನಿನಲ್ಲಿ ಇದನ್ನ ಹೇಳಿದಾಗ ಆ ಕಡೆ ಬಹಳ ಹೊತ್ತು ಮಾತೇ ಇರಲಿಲ್ಲ.

ಎರಡನೇ ದಿನ ಚಿಕ್ಕಪ್ಪ ಅಜ್ಜಿಯನ್ನೂ ಕರ್ಕೊಂಡು ಬಂದರು. ‘ಗಡ್ಡೆ’ ಅಂದಕೂಡಲೇ ಎಲ್ಲರ ತಲೆಯಲ್ಲಿ ಕ್ಯಾನ್ಸರ್. ದೊಡ್ಡವರಲ್ಲಿ ಲೇಡಿಗ್ ಗಡ್ಡೆ ಹತ್ತರಲ್ಲಿ ಒಂದು ಹರಡಬಹುದು, ಚಿಕ್ಕ ಮಕ್ಕಳಲ್ಲಿ ಹೆಚ್ಚುಕಡಿಮೆ ಯಾವಾಗಲೂ ನಿರಪಾಯ ಅಂತ ಡಾಕ್ಟರು ನಿಧಾನವಾಗಿ ಹೇಳಿದರು. ಚಿಕ್ಕಪ್ಪನ ಮುಖದಲ್ಲಿ ಇನ್ನೊಂದು ಪ್ರಶ್ನೆ ಇತ್ತು, ಬಾಯಿಗೆ ಬರ್ತಿರಲಿಲ್ಲ. ‘ಮುಂದೆ... ಅವನಿಗೆ... ಮದ್ವೆ ಗಿದ್ವೆ...’ ಅಂತ ನಿಲ್ಲಿಸಿದರು. ಆಗ ಅಜ್ಜಿ ಸೆರಗು ಸರಿಮಾಡ್ಕೊಂಡು ನೇರವಾಗಿ ಕೇಳಿದರು: ‘ಬೀಜ ಒಡ್ಸೋದಾ ಸ್ವಾಮಿ, ಹೋರಿಗೆ ಒಡ್ಸ್ದಂಗೆ?’

ಚಿಕ್ಕಮ್ಮ ‘ಅಮ್ಮಾ’ ಅಂತ ಗದರಿದಳು. ಡಾಕ್ಟರು ಮಾತ್ರ ಅಜ್ಜಿಯ ಕಡೆ ತಿರುಗಿ ಕೂತರು. ನನಗನ್ನಿಸಿದ್ದು, ಎರಡು ದಿನದಲ್ಲಿ ನಮ್ಮ ಕಡೆಯಿಂದ ಬಂದ ಮೊದಲ ಸ್ಪಷ್ಟ ಪ್ರಶ್ನೆ ಅದೇ. ಎತ್ತು ಸಾಕಿದ ಮನೆಯ ಹೆಂಗಸು, ಬೀಜ ಒಡೆಸಿದ ಮೇಲೆ ಹೋರಿಯ ಹಿಣಿಲು, ಗತ್ತು, ಗುಟುರು ಏನಾಗುತ್ತೆ ಅಂತ ಕಣ್ಣಾರೆ ಕಂಡವರು. ಬರ್ತೋಲ್ಡ್ ಹುಂಜದಲ್ಲಿ ನೋಡಿದ್ದನ್ನು ನಮ್ಮ ರೈತರು ಹೋರಿಯಲ್ಲಿ ತಲೆತಲಾಂತರದಿಂದ ನೋಡಿದ್ದಾರೆ. ಅವರಿಗೆ ಪದ ಇತ್ತು, ದನಕ್ಕೆ ಆಡಿದ ಪದವನ್ನು ಮನುಷ್ಯನಿಗೆ ಆಡೋಕೆ ನಾಚಿಕೆ ಇರಲಿಲ್ಲ ಅಷ್ಟೇ. ‘ಇಲ್ಲ ಅಜ್ಜಿ’ ಅಂದರು ಡಾಕ್ಟರು, ‘ಬೀಜದ ಒಳಗೆ ಒಂದು ಗಂಟಿದೆ. ಗಂಟು ಮಾತ್ರ ಬಿಡಿಸಿ ತೆಗೀತೀವಿ. ಆಗದಿದ್ದರೆ ಆ ಒಂದು ಬೀಜ ತೆಗೀಬೇಕಾಗುತ್ತೆ, ಇನ್ನೊಂದು ಚೆನ್ನಾಗಿದೆ. ಮದುವೆಗೂ ಮಕ್ಕಳಿಗೂ ಒಂದೇ ಸಾಕು.’ ಚಿಕ್ಕಪ್ಪ ಅವತ್ತು ಮಧ್ಯಾಹ್ನ ಊಟ ಮಾಡಿದರು.

ಆಪರೇಷನ್ ಕೆಳಗಿನ ಚೀಲದಿಂದ ಮಾಡಲ್ಲ, ತೊಡೆಸಂದಿಯ ಮೇಲಿನಿಂದ ಮಾಡ್ತಾರೆ. ಕಾರಣ ಕೇಳಿದೆ. ಭ್ರೂಣದಲ್ಲಿ ವೃಷಣ ಹುಟ್ಟೋದು ಹೊಟ್ಟೆಯಲ್ಲಿ, ಆಮೇಲೆ ಕೆಳಗಿಳಿಯುತ್ತೆ. ಇಳಿದರೂ ಅದರ ರಕ್ತನಾಳ, ದುಗ್ಧನಾಳ ಎಲ್ಲ ಹೊಟ್ಟೆಗೇ ಹೋಗ್ತವೆ. ಚೀಲದ ಚರ್ಮದ ದುಗ್ಧನಾಳ ಬೇರೆ ದಾರಿ, ತೊಡೆಸಂದಿಗೆ. ಗಡ್ಡೆ ಕೆಟ್ಟದ್ದೇ ಆಗಿದ್ದರೆ ಚೀಲದಲ್ಲಿ ಕೊಯ್ದು ಅದಕ್ಕೆ ಹೊಸ ರಸ್ತೆ ಮಾಡಿಕೊಡಬಾರದು. ಅದಕ್ಕೆ ಮೇಲಿನಿಂದ ಹೋಗಿ, ಮೊದಲು ನಾಳಗಳ ಹುರಿಗೆ ಕ್ಲಿಪ್ ಹಾಕಿ, ಆಮೇಲೆ ವೃಷಣ ಹೊರಗೆ ತಂದು, ಗಂಟು ಬಿಡಿಸಿದರು. ಆ ತುಂಡನ್ನು ಅಲ್ಲೇ ಹೆಪ್ಪುಗಟ್ಟಿಸಿ ಪೆಥಾಲಜಿಯವರು ನೋಡಿ ‘ಸರಿ’ ಅನ್ನೋವರೆಗೂ ಸರ್ಜನ್ ಕಾದರು. ವೃಷಣ ಉಳಿಯಿತು.

ನಮ್ಮ ವಯಸ್ಸಿನವರ ಬಗ್ಗೆಯೂ ಡಾಕ್ಟರು ಒಂದು ಮಾತು ಹೇಳಿದರು, ಅದನ್ನ ನಿಮಗೆ ದಾಟಿಸಿಬಿಡ್ತೀನಿ. ವೃಷಣದ ಕ್ಯಾನ್ಸರ್, ಅದು ಬೇರೆ ಜಾತಿ, ಹೆಚ್ಚಾಗಿ ಕಾಣಿಸೋದು 15ರಿಂದ 35ರೊಳಗಿನವರಲ್ಲಿ. ಬೇಗ ಸಿಕ್ಕರೆ ಬಹುಪಾಲು ಪೂರ್ತಿ ವಾಸಿ. ನೋವಿಲ್ಲದ ಗಟ್ಟಿ ಗಂಟು ಅದರ ಗುರುತು. ತಿಂಗಳಿಗೊಂದು ಸಲ ಬಿಸಿನೀರು ಸ್ನಾನ ಆದಮೇಲೆ ಬೆರಳಲ್ಲಿ ಮುಟ್ಟಿ ನೋಡ್ಕೊಳ್ಳೋಕೆ ಎರಡು ನಿಮಿಷ ಸಾಕು. ಏನಾದರೂ ಸಿಕ್ಕರೆ ರೂಮ್‌ಮೇಟ್ ಹತ್ರ ಅಲ್ಲ, ಡಾಕ್ಟರ ಹತ್ರ ಹೋಗಿ.

ಆಪರೇಷನ್ ಆದ ವಾರದಲ್ಲೇ ಟೆಸ್ಟೋಸ್ಟೆರಾನ್ ಮಗುವಿನ ಮಟ್ಟಕ್ಕೆ ಇಳಿಯಿತು. ಮೊಡವೆ ಹೋಯ್ತು, ಬೆವರಿನ ವಾಸನೆ ಹೋಯ್ತು. ಎಲ್ಲ ಮುಗೀತು ಅಂದುಕೊಂಡೆವು. ಆದರೆ ಡಾಕ್ಟರು ಮೊದಲೇ ಎಚ್ಚರಿಸಿದ್ದರು: ಎರಡು ವರ್ಷ ಟೆಸ್ಟೋಸ್ಟೆರಾನ್‌ನಲ್ಲಿ ನೆನೆದ ಮೆದುಳು ತಾನೂ ದೊಡ್ಡದಾಗಿದೆ, ಕಾಯಿಲ್ ತೆಗೆದಮೇಲೆ ಥರ್ಮೋಸ್ಟಾಟ್ ತಾನೇ ಆನ್ ಆಗಬಹುದು ಅಂತ. ಐದನೇ ತಿಂಗಳಿಗೆ ಹಾಗೇ ಆಯ್ತು. ಎಲ್‌ಎಚ್ ಏರತೊಡಗಿತು. ಈಗ ಎರಡೂ ಕಡೆ 5. ಸುಳ್ಳು ಹರೆಯ ಹೋಗಿ ನಿಜವಾದ ಹರೆಯ ಬಂದಿತ್ತು, ಏಳು ವರ್ಷಕ್ಕೆ.

ಇದಕ್ಕೆ ಕೊಡೋ ಇಂಜೆಕ್ಷನ್ ಬಗ್ಗೆ ಕೇಳಿದಾಗ ನನಗೆ ನಿಜವಾಗಲೂ ಖುಷಿಯಾಯ್ತು. ಹೈಪೊಥಲಾಮಸ್ ಕಳಿಸೋ ಅದೇ ಹಾರ್ಮೋನಿನ ಗಟ್ಟಿಯಾದ ನಕಲನ್ನು ಕೊಡ್ತಾರೆ. ಹರೆಯ ನಿಲ್ಲಿಸೋಕೆ ಹರೆಯ ಶುರು ಮಾಡೋ ಹಾರ್ಮೋನೇ! ಗುಟ್ಟು ಇರೋದು ಪಲ್ಸಿನಲ್ಲಿ. ಎರ್ನ್‌ಸ್ಟ್ ನೋಬಿಲ್ ಅನ್ನೋ ವಿಜ್ಞಾನಿ 1970ರ ದಶಕದಲ್ಲಿ ಕೋತಿಗಳ ಮೇಲೆ ತೋರಿಸಿದ್ದು ಇದನ್ನೇ: ಗಂಟೆಗೊಮ್ಮೆ ಪಲ್ಸ್ ಕೊಟ್ಟರೆ ಪಿಟ್ಯುಟರಿ ಕೆಲಸ ಮಾಡುತ್ತೆ, ಅದನ್ನೇ ನಿಲ್ಲಿಸದೆ ಕೊಟ್ಟರೆ ಕಿವಿ ಮುಚ್ಚಿಕೊಳ್ಳುತ್ತೆ. ಎಸಿ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ನಡೆಯುತ್ತೆ, ಡಿಸಿ ಕೊಟ್ಟರೆ ಇಲ್ಲ, ಹೆಚ್ಚುಕಡಿಮೆ ಆ ಥರ. ತಿಂಗಳಿಡೀ ಔಷಧಿ ಒಂದೇ ಸಮ ಸೋರುವ ಹಾಗೆ ಮಾಡಿರೋ ಇಂಜೆಕ್ಷನ್ ಅದು. 28 ದಿನಕ್ಕೊಂದು. ದುಬಾರಿ. ಚಿಕ್ಕಪ್ಪ ಒಂದು ಹಸು ಮಾರಿದ್ದಾರೆ. ಚಿಕ್ಕಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಸೂಜಿಯ ದಿನಕ್ಕೂ ಗುರುತು ಹಾಕ್ತಾಳೆ. ಎಂಟು ತಿಂಗಳು ಮೊದಲೇ ಬಂದಿದ್ದರೆ ಮೂಳೆ ಇಷ್ಟು ಮುಂದೆ ಹೋಗ್ತಿರಲಿಲ್ಲವೇನೋ ಅಂತ ಅವಳು ಒಂದು ಸಲ ಡಾಕ್ಟರನ್ನು ಕೇಳಿದಳು. ಅವರು ‘ಈಗ ಬಂದಿದ್ದೀರಲ್ಲ’ ಅಂದರು. ಅದು ಉತ್ತರ ಅಲ್ಲ ಅಂತ ಅವಳಿಗೂ ಗೊತ್ತು.

ಕೆಲವು ವಾಪಸ್ ಬರಲ್ಲ. ಒಡೆದ ದನಿ ಮತ್ತೆ ಕೂಡಿಕೊಳ್ಳಲ್ಲ. ಪುಟ್ಟ ಈಗ ಎರಡನೇ ಕ್ಲಾಸು, ‘ನಮ್ಮ ಧ್ವಜ’ ಪದ್ಯ ಹೇಳಿದರೆ ಮೇಷ್ಟ್ರು ಹೇಳಿದ ಹಾಗೆ ಕೇಳುತ್ತೆ. ಹುಡುಗರು ಅವನನ್ನು ‘ಅಂಕಲ್’ ಅಂತಾರೆ. ಒಬ್ಬನಿಗೆ ಹೊಡೆದು ಬಂದಿದ್ದ. ಆಮೇಲೆ ಕ್ಲಾಸ್ ಟೀಚರಿಗೆ ಚಿಕ್ಕಮ್ಮನೇ ಹೋಗಿ ಎಲ್ಲ ಹೇಳಿಬಂದಳು. ಪದ ಎಲ್ಲಿಂದ ತಂದೆ ಅಂತ ಕೇಳಿದೆ. ‘ನಿಮ್ಮಜ್ಜಿ ಪದಾನೇ ಕಣೋ, ಇನ್ಯಾವ್ದಿದೆ’ ಅಂದಳು.

ಹೋದ ತಿಂಗಳು ಸೂಜಿಗೆ ಬಂದಾಗ ಪುಟ್ಟ ಹಾಸ್ಟೆಲಿಗೂ ಬಂದಿದ್ದ. ನನ್ನ ಮಂಚದ ಮೇಲೆ ಕೂತು ಮಸಾಲೆದೋಸೆ ತಿಂತಾ, ಆ ದಪ್ಪ ದನಿಯಲ್ಲಿ ಕೇಳಿದ: ‘ಅಣ್ಣ, ನನ್ನೊಳಗಿತ್ತಲ್ಲ ಗಂಟು, ಅದು ಈಗ ಎಲ್ಲಿದೆ?’ ಬಿಸಾಕಿರ್ತಾರೆ ಅಂತ ಹೇಳಬಹುದಿತ್ತು. ಆದರೆ ಬಿಸಾಕಿರಲ್ಲ. ಮೇಣದ ಚಿಕ್ಕ ಅಚ್ಚಿನಲ್ಲಿ ಕೂರಿಸಿ, ನಂಬರ್ ಹಾಕಿ, ಪೆಥಾಲಜಿ ವಿಭಾಗದ ಕಪಾಟಿನಲ್ಲಿ ಇಡ್ತಾರೆ, ಹಾಗೇ ಹೇಳಿದೆ. ಅವನಿಗೆ ಎಲ್ಲಿಲ್ಲದ ಸಂತೋಷ. ನಂಬರ್ ಎಷ್ಟು ಅಂತ ಬೇಕೇಬೇಕಂತೆ. ಚಿಕ್ಕಮ್ಮನ ಚೀಲದಿಂದ ಫೈಲ್ ತೆಗೆದು ಹುಡುಕಿ ಓದಿದೆ. ಅವನು ಎಣ್ಣೆ ಕೈಯಲ್ಲೇ ನನ್ನ ಲ್ಯಾಬ್ ರೆಕಾರ್ಡಿನ ಹಿಂದಿನ ಹಾಳೆಯಲ್ಲಿ ಬರ್ಕೊಂಡ.